ಬೆರಳು ಎತ್ತುವವರೆಗೆ

ಇಪ್ಪತ್ತಾರು ವರ್ಷಗಳಿಂದ ನಾನು ಈ ಊರನ್ನು ಎಳೆದೆಳೆದು ಇಡುತ್ತಿದ್ದೇನೆ. ಬಲಗೈ ತೋರುಬೆರಳಿನ ಗಿಣ್ಣು ಊದಿ ಗಜ್ಜುಗದಷ್ಟಾಗಿದೆ. ಬೆಳಿಗ್ಗೆ ಹಲ್ಲುಜ್ಜುವುದಕ್ಕೂ ಈಗ ಎಡಗೈಯೇ ಗತಿ. ಬೆರಳಿಗೆ ಸ್ವಲ್ಪ ವಿಶ್ರಾಂತಿ ಕೊಡಿ ಎಂದು ಡಾಕ್ಟರು ಹೇಳಿದರು. ಕೊಡೋಣವೆಂದರೆ ಆ ಬೆರಳು ನನ್ನೊಬ್ಬಳದೇ ಆಗಿದ್ದರೆ ತಾನೆ? ನಿವೃತ್ತಿಗೆ ಇನ್ನು ಎಂಟು ತಿಂಗಳಿದೆ. ನನ್ನ ಜಾಗಕ್ಕೆ ಇದುವರೆಗೆ ಯಾರೂ ಅರ್ಜಿ ಹಾಕಿಲ್ಲ, ಹಾಕುವ ಲಕ್ಷಣವೂ ಇಲ್ಲ. ಈ ಕೆಲಸ ಏನೆಂದು ಊರಿನವರಿಗೆಲ್ಲ ಚೆನ್ನಾಗಿ ಗೊತ್ತು.

ನಮ್ಮ ಕಚೇರಿಯಲ್ಲಿರುವುದು ಒಂದೇ ಕಂಪ್ಯೂಟರ್. ಅದರ ಸ್ಕ್ರೀನಿನ ಎಡಗಡೆ ಇಡೀ ಊರು ಮರದ ಹಾಗೆ ಹರಡಿಕೊಂಡಿರುತ್ತದೆ, ಬೇರು ಮೇಲೆ, ಕೊಂಬೆ ಕೆಳಗೆ. ಎಲ್ಲಕ್ಕಿಂತ ಮೇಲೆ ಊರಿನ ಹೆಸರು. ಅದರ ಕೆಳಗೆ ಬೀದಿಗಳು, ಬೀದಿಯ ಕೆಳಗೆ ಯಜಮಾನರ ಹೆಸರುಗಳು, ಒಬ್ಬೊಬ್ಬ ಯಜಮಾನರ ಕೆಳಗೆ ಅವರದೆನಿಸಿಕೊಂಡದ್ದೆಲ್ಲ: ಮನೆ, ಅಂಗಡಿ, ದನ, ಹೆಂಡತಿ, ಮಕ್ಕಳು. ಹೆಸರಿನ ಪಕ್ಕದ ಸಣ್ಣ ಗುರುತನ್ನು ಒತ್ತಿದರೆ ಒಳಗಿರುವುದು ತೆರೆದುಕೊಳ್ಳುತ್ತದೆ. ಯಾವುದಾದರೂ ಹೆಸರಿನ ಮೇಲೆ ಮೌಸಿನ ಬಾಣ ಇಟ್ಟು, ಬಟನ್ ಒತ್ತಿ ಹಿಡಿದು, ಎಳೆದುಕೊಂಡು ಹೋಗಿ ಇನ್ನೊಂದು ಹೆಸರಿನ ಮೇಲೆ ಬಿಟ್ಟರೆ ಅದು ಅವರದಾಗುತ್ತದೆ. ಸ್ಕ್ರೀನಿನಲ್ಲೂ ಆಗುತ್ತದೆ, ಊರಿನಲ್ಲೂ ಆಗುತ್ತದೆ. ನಾವು ಇದಕ್ಕೆ ಎಳೆತ ಎನ್ನುತ್ತೇವೆ. ಮದುವೆಯೆಂದರೂ ಎಳೆತವೇ, ಅಣ್ಣತಮ್ಮಂದಿರು ಪಾಲಾದರೂ ಎಳೆತವೇ, ಎಮ್ಮೆಯೊಂದು ಕೈ ಬದಲಾಯಿಸಿದರೂ ಎಳೆತವೇ. ಹಿಡಿದದ್ದರ ಕೆಳಗೆ ಏನೇನಿದೆಯೋ ಅದೆಲ್ಲ ಜೊತೆಯಲ್ಲೇ ಬರುತ್ತದೆ, ಬೇಡವೆಂದರೂ ಬರುತ್ತದೆ.

ಮದುವೆಯ ದಿನ ನಾನು ಹುಡುಗಿಯ ಹೆಸರನ್ನು ಎಳೆದು ಗಂಡಿನ ಹೆಸರಿನ ಮೇಲೆ ಬಿಟ್ಟ ಕೂಡಲೆ ಆ ಹುಡುಗಿಗೆ ಅತ್ತೆಮನೆಯ ಉಪ್ಪಿನ ಜಾಡಿ ಎಲ್ಲಿದೆಯೆಂದು ತಿಳಿಯುತ್ತದೆ. ಆ ಮನೆಯ ನಾಯಿ ಅವಳನ್ನು ಕಂಡು ಬೊಗಳುವುದಿಲ್ಲ. ತವರಿನ ಬಾಗಿಲು ಮಾತ್ರ ಅವಳು ಎಷ್ಟು ತಳ್ಳಿದರೂ ತೆರೆಯುವುದಿಲ್ಲ. ನಮ್ಮೂರಿನಲ್ಲಿ ತಮ್ಮದಲ್ಲದ ಹೊಸಿಲು ದಾಟಲು ಯಾರಿಗೂ ಆಗದು. ಅದಕ್ಕೇ ಮನೆ ಎಷ್ಟೇ ಚಿಕ್ಕದಾಗಿರಲಿ, ಜಗಲಿ ದೊಡ್ಡದಾಗಿ ಕಟ್ಟಿಸುತ್ತಾರೆ. ನೆಂಟರು, ಬಾಣಂತಿ ನೋಡಲು ಬಂದವರು, ಸಾವಿಗೆ ಬಂದವರು ಎಲ್ಲರೂ ಜಗಲಿಯ ಮೇಲೆಯೇ. ಇನ್ನು ಬೀಗಗಳದು ಬೇರೆ ಕಥೆ. ಬೀಗ ಯಾರದೋ ಆ ಯಜಮಾನರ ಕೈ ತಾಗಿದರಷ್ಟೇ ತೆರೆಯುತ್ತದೆ. ಕೀಲಿಕೈ ಎಂಬುದನ್ನು ನಾನು ಬೇರೆ ಊರಿಂದ ಬಂದವರ ಸೊಂಟದಲ್ಲಿ ಮಾತ್ರ ನೋಡಿದ್ದೇನೆ.

ಕೆಲಸ ಕಲಿತ ಹೊಸದರಲ್ಲಿ ನಾನೊಂದು ಅನಾಹುತ ಮಾಡಿದ್ದೆ. ಒಂದು ಹೆಸರನ್ನು ಇನ್ನೊಂದರ ಮೇಲೆ ಹಿಡಿದರೆ ಕೆಳಗಿನ ಹೆಸರು ನೀಲಿಯಾಗುತ್ತದೆ. ಎರಡು ಹೆಸರುಗಳ ನಡುವೆ ಹಿಡಿದರೆ ತೆಳುವಾದ ಗೆರೆ ಮೂಡುತ್ತದೆ. ನೀಲಿಯ ಮೇಲೆ ಬಿಟ್ಟರೆ ಅವರ ಕೆಳಗೆ, ಗೆರೆಯ ಮೇಲೆ ಬಿಟ್ಟರೆ ಅವರ ಪಕ್ಕಕ್ಕೆ. ಕೂದಲೆಳೆಯಷ್ಟು ಅಂತರ. ಬಡಗಿ ಸಿದ್ದಪ್ಪಾಜಿಯ ಮನೆಯನ್ನು ಪತ್ತಾರರ ಮನೆಯ ಪಕ್ಕಕ್ಕೆ ಇಡಲು ಹೋಗಿ ನೀಲಿಯ ಮೇಲೆ ಬಿಟ್ಟುಬಿಟ್ಟೆ. ಅವನ ಇಡೀ ಮನೆ ಪತ್ತಾರರ ಅಡುಗೆಮನೆಯ ಹಿಂದಿನ ಕೋಣೆಯಾಗಿ ಹೋಯಿತು. ಒಂದು ಸಲ ಬಿಟ್ಟದ್ದನ್ನು ಒಂದು ವರ್ಷ ಮುಟ್ಟುವಂತಿಲ್ಲ ಎಂದು ನಿಯಮ. ವರ್ಷವಿಡೀ ಸಿದ್ದಪ್ಪಾಜಿ ಪತ್ತಾರರ ಒಲೆಯ ಮುಂದಿನಿಂದ ಓಡಾಡಿದ. ಅವನು ನನ್ನನ್ನು ಬೈಯಲಿಲ್ಲ. ದಾರಿಯಲ್ಲಿ ಸಿಕ್ಕಾಗ ತಲೆ ಬಗ್ಗಿಸಿಕೊಂಡು ಹೋಗುತ್ತಿದ್ದ, ಅದೇ ಹೆಚ್ಚು ಕಷ್ಟವಾಗುತ್ತಿತ್ತು.

ಇಷ್ಟೆಲ್ಲ ಹೇಳಿದ್ದು ಹೊಂಬಾಳಮ್ಮನ ಎಳೆತದ ವಿಷಯ ಹೇಳುವುದಕ್ಕೆ.

ಹೊಂಬಾಳಮ್ಮ ಎಣ್ಣೆಗಾಣದ ಬೀದಿಯ ಹಿಟ್ಟಿನ ಮಿಲ್ಲಿನ ಯಜಮಾನಿ. ಎಪ್ಪತ್ತನಾಲ್ಕು ವರ್ಷ. ಗಟ್ಟಿ ಹೆಂಗಸು, ಬಾಯಿ ಇನ್ನೂ ಗಟ್ಟಿ. ಮರದಲ್ಲಿ ಅವಳ ಹೆಸರಿನ ಕೆಳಗೆ ನಾಲ್ಕು ಸಾಲುಗಳಿದ್ದವು: ಮನೆ, ಮಿಲ್ಲು, ಒಂದು ಎಮ್ಮೆ, ಸೊಸೆ ದೇವೀರಮ್ಮ. ಅದೇ ಕ್ರಮದಲ್ಲಿ. ಲಾರಿ ಓಡಿಸುತ್ತಿದ್ದ ಒಬ್ಬನೇ ಮಗ ಚೆಲುವಯ್ಯ ಆರು ವರ್ಷದ ಕೆಳಗೆ ತೀರಿಕೊಂಡ. ಮಕ್ಕಳಿಲ್ಲ. ಹೋದ ವರ್ಷ ಹೊಂಬಾಳಮ್ಮನಿಗೆ ಲಕ್ವ ಹೊಡೆದು ಬಲಭಾಗ ಪೂರ್ತಿ ಬಿದ್ದುಹೋಯಿತು. ಮಿಲ್ಲಿನ ಬೀಗಕ್ಕೆ ಲಕ್ವದ ಸುದ್ದಿ ಗೊತ್ತಿಲ್ಲವಲ್ಲ, ಅದು ಅವಳ ಕೈಯನ್ನೇ ಕೇಳುತ್ತಿತ್ತು. ದಿನಾ ಬೆಳಿಗ್ಗೆ ದೇವೀರಮ್ಮ ಅತ್ತೆಗೆ ಮುಖ ತೊಳೆಸಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ, ಹೊಸಿಲಿನ ತನಕ ಎಳೆದು ತರುವಳು. ಅಲ್ಲಿಂದ ಮುಂದಕ್ಕೆ ರಾಗಿ ಡಬ್ಬ ಹಿಡಿದು ಸಾಲಿನಲ್ಲಿ ನಿಂತ ಗಿರಾಕಿಗಳಲ್ಲಿ ಮೊದಲ ನಾಲ್ವರು ಕುರ್ಚಿ ಹೊರಬೇಕು. ಹೊತ್ತವರಿಗೆ ಮೊದಲು ಹಿಟ್ಟು. ಕೆಲವರು ಹೊರುವ ಸರದಿ ತಪ್ಪಿಸಿಕೊಳ್ಳಲು ಬೇಕೆಂದೇ ತಡವಾಗಿ ಬಂದು ಐದನೆಯವರಾಗಿ ನಿಲ್ಲುತ್ತಿದ್ದರು. ಷಟರಿನ ಮುಂದೆ ಕುರ್ಚಿ ಇಳಿಸಿ, ಆ ಜೋಲುಗೈಯನ್ನು ಎತ್ತಿ ಬೀಗಕ್ಕೆ ತಾಗಿಸಿದರೆ ಟಕ್ಕೆಂದು ತೆರೆಯುವುದು. ಸಂಜೆ ಮತ್ತೆ ಇದೇ ಮೆರವಣಿಗೆ. ಹೀಗೆ ಎಂಟು ತಿಂಗಳು ನಡೆಯಿತು.

ಕೊನೆಗೆ ಗಿರಾಕಿಗಳಿಗೇ ಸಾಕಾಗಿ ಬೇರೆ ಬೀದಿಯ ಮಿಲ್ಲಿಗೆ ಹೋಗತೊಡಗಿದರು. ಆಗ ಹೊಂಬಾಳಮ್ಮ ಬಾಯಿಬಿಟ್ಟು ಒಪ್ಪಿದಳು: ದೇವೀರಮ್ಮ ಮೇಲಕ್ಕೆ ಹೋಗಲಿ, ತಾನು ಅವಳ ಕೆಳಗೆ ಬರುತ್ತೇನೆ. ಅರ್ಜಿ ಬಂತು. ಇಂಥ ಅರ್ಜಿ ನನ್ನ ಕಾಲದಲ್ಲಿ ಅದೇ ಮೊದಲು.

ಅದರಲ್ಲಿದ್ದ ತೊಡಕು ಹೇಳುತ್ತೇನೆ. ಯಾವ ಹೆಸರನ್ನೂ ಅದರ ಕೆಳಗಿರುವ ಹೆಸರಿನ ಮೇಲೆ ಬಿಡಲು ಬರುವುದಿಲ್ಲ. ಹಿಡಿದು ಎಳೆದರೆ ಬಾಣದ ಜಾಗದಲ್ಲಿ ಅಡ್ಡಗೆರೆ ಹೊಡೆದ ಕಪ್ಪು ಉಂಗುರ ಕಾಣಿಸುತ್ತದೆ, ಅಷ್ಟೆ. ಕೊಂಬೆ ಹೋಗಿ ತನ್ನದೇ ಎಲೆಯ ಮೇಲೆ ಕೂರುವುದು ಹೇಗೆ? ಆದ್ದರಿಂದ ಮೊದಲು ದೇವೀರಮ್ಮನನ್ನು ಅತ್ತೆಯ ಕೆಳಗಿನಿಂದ ಕಿತ್ತು ಸೀದಾ ಬೀದಿಯ ಕೆಳಗೆ ಇಡಬೇಕು. ಆಮೇಲೆ ಹೊಂಬಾಳಮ್ಮನನ್ನು ಎಳೆದು ಅವಳ ಮೇಲೆ ಬಿಡಬೇಕು. ಮನೆ, ಮಿಲ್ಲು, ಎಮ್ಮೆ ತಾವಾಗಿಯೇ ಹಿಂದೆ ಬರುತ್ತವೆ. ಎರಡು ಎಳೆತದ ನಡುವಿನ ಒಂದೆರಡು ನಿಮಿಷ ದೇವೀರಮ್ಮ ಯಾರ ಕೆಳಗೂ ಇರುವುದಿಲ್ಲ. ಬರೀ ಬೀದಿಯ ಕೆಳಗಿರುವವರು ಊರಿನಲ್ಲಿ ಹನ್ನೊಂದು ಜನ ಇದ್ದಾರೆ. ಅವರಿಗೆ ಹಳೆಯ ಛತ್ರದಲ್ಲಿ ಒಂದೊಂದು ಕೋಣೆ. ಸೊಪ್ಪು ಮಾರುವುದೋ ವೈರ್ ಬುಟ್ಟಿ ಹೆಣೆಯುವುದೋ ಮಾಡಿಕೊಂಡು ಅವರ ಪಾಡಿಗೆ ಅವರಿರುತ್ತಾರೆ.

ಆ ನಡುವಿನ ನಿಮಿಷಗಳಲ್ಲಿ ಏನಾದರೂ ಕೆಟ್ಟರೆ ಏನಾಗುತ್ತದೆಂದು ಅರ್ಜಿ ತೆಗೆದುಕೊಳ್ಳುವಾಗಲೇ ಇಬ್ಬರಿಗೂ ಹೇಳಿದ್ದೆ. ಎರಡನೆಯ ಎಳೆತ ಅರ್ಧಕ್ಕೆ ನಿಂತು ರದ್ದಾದರೂ ಅರ್ಜಿ ತೀರಿದ ಹಾಗೆಯೇ. ಇನ್ನೊಂದು ವರ್ಷ ಇಬ್ಬರ ಹೆಸರನ್ನೂ ಮುಟ್ಟುವಂತಿಲ್ಲ. ಹೊಂಬಾಳಮ್ಮ ತನ್ನ ಮನೆಯಲ್ಲಿ ಒಬ್ಬಳೇ ಆಗುತ್ತಾಳೆ, ದೇವೀರಮ್ಮನಿಗೆ ಆ ಹೊಸಿಲು ದಾಟಲಾಗುವುದಿಲ್ಲ, ಬೇರೆ ಯಾರಿಗೂ ಆಗುವುದಿಲ್ಲ. ಅರ್ಧ ಮೈ ಬಿದ್ದುಹೋದ ಮುದುಕಿ ಒಳಗೆ, ಅನ್ನ ಹಿಡಿದವರೆಲ್ಲ ಜಗಲಿಯಲ್ಲಿ. ಒಂದು ವರ್ಷವಲ್ಲ, ಒಂದು ವಾರ ಬದುಕುವುದೂ ಕಷ್ಟ.

"ಗೊತ್ತು ಕಣವ್ವ," ಎಂದಿದ್ದಳು ಹೊಂಬಾಳಮ್ಮ. ದೇವೀರಮ್ಮ ಏನೂ ಹೇಳಿರಲಿಲ್ಲ. ಅವಳದು ಮಾತು ಕಡಿಮೆ.

ಅವತ್ತು ಹನ್ನೆರಡು ಗಂಟೆಯ ಹೊತ್ತಿಗೆ ಅವರ ಸರದಿ ಬಂತು. ಅಟೆಂಡರ್ ಖಲೀಲ್ ಸಾಬರು ಹೊಂಬಾಳಮ್ಮನ ಕುರ್ಚಿಯನ್ನು ನನ್ನ ಮೇಜಿನ ಎಡಕ್ಕೆ ತಂದಿಟ್ಟರು. ಅವರಿಗೆ ನಿವೃತ್ತಿಯಾಗಿ ಎರಡು ವರ್ಷವಾಗಿದೆ, ಆದರೂ ಬರುತ್ತಾರೆ, ಏಕೆಂದು ನಾವ್ಯಾರೂ ಕೇಳಿಲ್ಲ. ದೇವೀರಮ್ಮ ಬಲಕ್ಕೆ ಸ್ಟೂಲಿನ ಮೇಲೆ ಕೂತಳು. ನಲವತ್ತರ ಹೆಂಗಸು, ಮುಂಗೈ ಕೂದಲಿನಲ್ಲೆಲ್ಲ ಹಿಟ್ಟಿನ ಬಿಳಿ. ಯಾರನ್ನು ಎಳೆಯುತ್ತೇವೋ, ಯಾರ ಮೇಲೆ ಬಿಡುತ್ತೇವೋ ಇಬ್ಬರೂ ಸ್ಕ್ರೀನಿನ ಎದುರಿಗಿರಬೇಕು. ಇಲ್ಲದಿದ್ದರೆ ಹೆಸರು ನೀಲಿಯಾಗುವುದಿಲ್ಲ.

ಮೊದಲನೆಯದು ಸಲೀಸಾಗಿ ಆಯಿತು. ದೇವೀರಮ್ಮನ ಹೆಸರು ಹಿಡಿದು, ಎಮ್ಮೆಯನ್ನು ದಾಟಿಸಿ, ಬೀದಿಯ ಹೆಸರಿನ ಮೇಲೆ ತಂದು ಬಿಟ್ಟೆ. ಅವಳ ಹೆಸರು ಬೀದಿಯ ಸಾಲಿನ ಕಟ್ಟಕಡೆಗೆ ಹೋಗಿ ಕೂತಿತು. ಅವಳು ಮುಂದಕ್ಕೆ ಬಗ್ಗಿ ಅಕ್ಷರ ಕೂಡಿಸಿಕೊಂಡು ಓದಿದಳು.

"ಬರೀ ನನ್ನ ಹೆಸರೇ ಐತಲ್ಲಕ್ಕ."

"ಹೂಂ. ಬರೀ ನಿನ್ನದೇ."

"ಮ್ಯಾಲೆ ಯಾರೂ ಇಲ್ವಾ?"

"ಬೀದಿ ಇದೆ."

ಅವಳು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಳು. ನಾನು ಹೊಂಬಾಳಮ್ಮನ ಹೆಸರಿನ ಮೇಲೆ ಬಾಣವಿಟ್ಟು ಬಟನ್ ಒತ್ತಿದೆ. ಕೈ ನಡುಗಿದ್ದಕ್ಕೆಲ್ಲ ಮನೆಗಳು ಹಾರಬಾರದೆಂದು ನಾಲ್ಕು ಚುಕ್ಕಿಯಷ್ಟು ದೂರ ಸರಿಯುವ ತನಕ ಎಳೆತ ಶುರುವಾಗುವುದಿಲ್ಲ. ನಾಲ್ಕು ಚುಕ್ಕಿ ಸರಿಯಿತು. ಹೆಸರು ಮಸುಕಾಗಿ ಬಾಣಕ್ಕೆ ನೇತುಬಿದ್ದಿತು. ಎಣ್ಣೆಗಾಣದ ಬೀದಿ ಉದ್ದ, ದೇವೀರಮ್ಮನ ಸಾಲು ಸ್ಕ್ರೀನಿಗೆ ಕಾಣದಷ್ಟು ಕೆಳಗಿತ್ತು. ಬಾಣವನ್ನು ಕೆಳಗಿನ ಅಂಚಿಗೆ ಒಯ್ದು ಕಾದೆ. ಬೀದಿ ನಿಧಾನವಾಗಿ ಮೇಲಕ್ಕೆ ಸರಿಯತೊಡಗಿತು. ಅವಳ ಹೆಸರು ಕಂಡಿತು. ಅದರ ಮೇಲೆ ಬಾಣ ಹಿಡಿದೆ, ನೀಲಿಯಾಯಿತು. ಇನ್ನು ಬೆರಳು ಎತ್ತಬೇಕು, ಅಷ್ಟೆ.

"ಅಕ್ಕ, ಒಸಿ ತಡೀರಿ," ಎಂದಳು ದೇವೀರಮ್ಮ.

ಎದ್ದು ನಿಂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಅತ್ತೆಯ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದಳು. ಅವಳು ಬಾಗಿಲು ದಾಟಿದ ಕೂಡಲೆ ಸ್ಕ್ರೀನಿನ ಮೇಲಿನ ನೀಲಿ ಆರಿತು, ಬಾಣದ ಜಾಗದಲ್ಲಿ ಕಪ್ಪು ಉಂಗುರ ಬಂತು.

ಈಗ ನನ್ನ ಸ್ಥಿತಿ ಹೀಗಿತ್ತು. ಬೆರಳು ಎತ್ತಿದರೆ ಎಳೆತ ರದ್ದು. ಬಟನ್ ಒಂದು ಕ್ಷಣ ಮೇಲೆದ್ದರೂ ರದ್ದು, ಆದ್ದರಿಂದ ಬೆರಳು ಬದಲಾಯಿಸುವಂತಿಲ್ಲ, ಇನ್ನೊಬ್ಬರ ಕೈಗೆ ಕೊಡುವಂತಿಲ್ಲ. ಐದು ಗಂಟೆಗೆ ನಮ್ಮ ಮೇಲಧಿಕಾರಿ ಸಾಹೇಬರು ಮೇನ್ ಸ್ವಿಚ್ ಆರಿಸುತ್ತಾರೆ. ಊರು ಹೊತ್ತಿ ಉರಿದರೂ ಐದಕ್ಕೆ ಆರಿಸುತ್ತಾರೆ, ಅದೊಂದರಲ್ಲಿ ಅವರು ನಿಯತ್ತಿನ ಮನುಷ್ಯ. ಗೋಡೆ ಗಡಿಯಾರ ಹನ್ನೆರಡೂಕಾಲು ತೋರಿಸುತ್ತಿತ್ತು.

"ಬತ್ತಾಳೆ," ಎಂದಳು ಹೊಂಬಾಳಮ್ಮ.

ಒಂದು ಗಂಟೆಯಾಯಿತು. ಹೊರಗೆ ಕಾಯುತ್ತಿದ್ದವರಿಗೆ ಇವತ್ತು ಆಗುವುದಿಲ್ಲವೆಂದು ಹೇಳಿ ಖಲೀಲ್ ಸಾಬರು ಕಳಿಸಿದರು. ಹೋಗುವವರು ಗೊಣಗಿದರು. ಒಬ್ಬಳು ಕಿಟಕಿಯಲ್ಲಿ ಮುಖವಿಟ್ಟು, "ಅವಳೆಲ್ಲಿ ಬತ್ತಾಳೆ, ಬುಡಿ ಮಂಗಳಕ್ಕ, ನೀವ್ಯಾಕೆ ಕೈ ನೋಯಿಸ್ಕತೀರಿ," ಎಂದು ಬುದ್ಧಿ ಹೇಳಿ ಹೋದಳು. ನನ್ನ ಹೆಸರು ಸರ್ವಮಂಗಳ. ಊರಿಗೆಲ್ಲ ಮಂಗಳಕ್ಕ.

ನಿಜ ಹೇಳಬೇಕೆಂದರೆ ಬಿಟ್ಟುಬಿಡೋಣವೆಂದು ನನಗೆ ಮೊದಲ ಅರ್ಧ ಗಂಟೆಯಲ್ಲೇ ಅನಿಸಿತ್ತು. ನೋವು ಗಿಣ್ಣಿನಿಂದ ಮುಂಗೈಗೆ, ಮುಂಗೈಯಿಂದ ಮೊಣಕೈಗೆ ಹತ್ತಿತು. ಮೂತ್ರಕ್ಕೆ ಹೋಗಬೇಕಿತ್ತು. ಡಬ್ಬಿಯಲ್ಲಿ ಚಿತ್ರಾನ್ನವಿತ್ತು. ಖಲೀಲ್ ಸಾಬರು ಟೀ ತಂದು ಲೋಟವನ್ನು ನನ್ನ ತುಟಿಗೆ ಹಿಡಿದು ಕುಡಿಸಿದರು. "ನಾನು ಹಿಡೀಲಾ ಮೇಡಮ್ಮೋರೆ," ಎಂದು ಮೂರು ಸಲ ಕೇಳಿದರು, ಆಗುವುದಿಲ್ಲವೆಂದು ಗೊತ್ತಿದ್ದೂ.

ಎಳೆತದಲ್ಲಿರುವವರು ಆ ಹೊತ್ತಿಗೆ ಎಲ್ಲಿಯವರೂ ಅಲ್ಲ. ಎಂದಾದರೂ ಯಾರನ್ನಾದರೂ ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಹಿಡಿದಿದ್ದರೆ ತಾನೆ ಅದರ ಪರಿಣಾಮ ನನಗೆ ಗೊತ್ತಾಗುವುದು? ಹೊಂಬಾಳಮ್ಮ ಮೊದಲು ತನ್ನ ಮನೆಯ ದಿಕ್ಕು ಯಾವುದೆಂದು ಕೇಳಿದಳು. ಆಮೇಲೆ ಎಮ್ಮೆಯ ಹೆಸರು ಮರೆತಳು. ಆಮೇಲೆ ನಕ್ಕಳು.

"ಮೈಯೆಲ್ಲ ಹಗೂರಾಗೈತೆ ಕಣೆ ಮಂಗಳ. ಬಿದ್ದೋಗಿರೋ ಕಡೆನೂ ಭಾರ ಇಲ್ಲ."

"ನನಗೆ ಭಾರವಾಗಿದೆ. ನಿಮ್ಮನ್ನ ಹಿಡಿದುಕೊಂಡಿರೋದು ನಾನು," ಎಂದೆ. ಕೋಪ ಬಂದಿತ್ತು.

ಮೇಲೂ ಕೆಳಗೂ ಯಾರೂ ಇಲ್ಲದವರಿಗೆ ಸುಳ್ಳು ಹೇಳಿ ಆಗಬೇಕಾದ್ದೇನೂ ಇರುವುದಿಲ್ಲವೋ ಏನೋ. ಹೊಂಬಾಳಮ್ಮ ತಾನಾಗಿಯೇ ಸೊಸೆಯ ಮದುವೆಯ ಮಾತು ತೆಗೆದಳು.

"ಅವಳನ್ನ ಚೆಲುವನ ಕೆಳಗೆ ಹಾಕ್ದೆ ನನ್ನ ಕೆಳಗೆ ಹಾಕ್ಸಿದ್ದು ನ್ಯಪ್ತಿ ಐತಾ?"

ನೆನಪಿತ್ತು. ಹತ್ತೊಂಬತ್ತು ವರ್ಷದ ಹಿಂದಿನ ಮದುವೆ. ಹಿಂದಿನ ದಿನವೇ ಹೊಂಬಾಳಮ್ಮ ಕಚೇರಿಗೆ ಬಂದು ಹುಡುಗಿಯನ್ನು ಮಗನ ಕೆಳಗಲ್ಲ, ತನ್ನ ಕೆಳಗೇ ಹಾಕಬೇಕೆಂದು ಹೇಳಿಹೋಗಿದ್ದಳು. ಸ್ಕ್ರೀನಿನ ಮೇಲೆ ಅದು ಒಂದೇ ಸಾಲಿನ ಅಂತರ. ಮದುಮಗಳು ಅರಿಸಿನದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೆಲ ನೋಡುತ್ತಾ ಕೂತಿದ್ದಳು. ನೀಲಿಯಾದದ್ದು ಯಾರ ಹೆಸರೆಂದು ಅವಳು ನೋಡಲಿಲ್ಲ. ನಾನು ನೋಡಿದೆ, ಬಿಟ್ಟೆ. ಅವತ್ತು ಇನ್ನೂ ಹನ್ನೆರಡು ಮದುವೆ ಸಾಲಿನಲ್ಲಿದ್ದವು, ಊಟದ ಹೊತ್ತಾಗಿತ್ತು. ಒಂದು ಸಾಲು ತಾನೆ ಎಂದುಕೊಂಡೆ. ಆ ಒಂದು ಸಾಲಿನ ಬೆಲೆ ತಿಳಿದದ್ದು ಚೆಲುವಯ್ಯ ತೀರಿಕೊಂಡಾಗ. ಮೇಲಿನವರು ಸತ್ತರೆ ಅವರ ಕೆಳಗಿರುವವರು ಅವರ ಸಾಲಿಗೆ ಏರುತ್ತಾರೆ. ಚೆಲುವಯ್ಯ ಅಮ್ಮನ ಕೆಳಗಲ್ಲ, ಪಕ್ಕದಲ್ಲಿದ್ದ, ಮಿಲ್ಲಿನ ಬೀಗ ಅವನ ಕೈಗೂ ತೆರೆಯುತ್ತಿತ್ತು. ಗಂಡನ ಕೆಳಗಿದ್ದಿದ್ದರೆ ದೇವೀರಮ್ಮ ಅವನ ಜಾಗಕ್ಕೆ ಏರಿ ಆ ಬೀಗಕ್ಕೆ ಅತ್ತೆಗೆ ಸಮನಾದ ಕೈಯಾಗುತ್ತಿದ್ದಳು. ಅತ್ತೆಯ ಕೆಳಗಿದ್ದುದರಿಂದ ಗಂಡ ಹೋದ, ಅವಳು ಎಮ್ಮೆಯ ಕೆಳಗಿನ ಸಾಲಿನಲ್ಲೇ ಉಳಿದಳು.

"ಯಾಕೆ ಹಾಗೆ ಮಾಡಿಸಿದಿರಿ?" ಎಂದು ಕೇಳಿದೆ. ಹತ್ತೊಂಬತ್ತು ವರ್ಷದಲ್ಲಿ ಕೇಳದೆ ಇದ್ದದ್ದು.

"ಅವನು ಲಾರಿಯೋನು. ಅವನ ಕೆಳಗೆ ಹಾಕಿದ್ರೆ ಅವನು ಎಲ್ಲಿಗೆ ಓದ್ರೂ ಇವಳೂ ಓಯ್ತಿದ್ಲು. ಮಿಲ್ಲು ನೋಡೋರ್ಯಾರು? ನಂಗೆ ಆಳು ಬೇಕಿತ್ತು ಕಣೆ, ಸೊಸೆ ಅಲ್ಲ." ಸ್ವಲ್ಪ ತಡೆದು ಹೇಳಿದಳು, "ಬೆಳಿಗ್ಗೆ ಬಾಗ್ಲು ತೆಗೆಯೋಕೆ ನನ್ನ ಕೇಳ್ಬೇಕು, ತಲೆಗೆ ಎಣ್ಣೆ ಹಚ್ಕಳಾಕೆ ನನ್ನ ಕೇಳ್ಬೇಕು. ಅವಳಕ್ಕ ಸತ್ತಾಗ ಕೇಳಿದ್ಲು, ಹುರಿಹಿಟ್ಟಿನ ಆರ್ಡರ್ ಮುಗ್ಸಿ ಓಗು ಅಂದೆ. ಓಗೋ ಹೊತ್ಗೆ ಎಲ್ಲ ಮುಗಿದಿತ್ತು."

ನನಗೆ ನಾಚಿಕೆಯಾಯಿತು, ಅವಳ ಪರವಾಗಿಯಲ್ಲ, ನನ್ನ ಪರವಾಗಿಯೇ. ಹುರಿಹಿಟ್ಟಿನ ಆ ಆರ್ಡರು ಯಾರದೋ ನನಗೆ ಗೊತ್ತಿಲ್ಲ, ಆದರೆ ಅದೆಲ್ಲ ಆರಂಭವಾದದ್ದು ನನ್ನ ಈ ಬೆರಳಿನಿಂದ. ಬೆರಳು ಎತ್ತಬಾರದೆಂದು ನಾನು ಆಗ ನಿರ್ಧರಿಸಿದೆ. ಮುದುಕಿಯ ಮೇಲಿನ ಕರುಣೆಯಿಂದ ಎಂದು ಹೇಳಿದರೆ ಸುಳ್ಳಾಗುತ್ತದೆ. ದೇವೀರಮ್ಮ ಬರುವುದಾದರೆ ಬರಲಿ, ಬಾರದಿದ್ದರೆ ಅದು ಅವಳ ಇಷ್ಟವಾಗಿರಲಿ. ನಾನು ಸೋತು ಕೈಬಿಟ್ಟೆನೆಂದು ಆಗಬಾರದು. ಅವಳ ಬದುಕಿನಲ್ಲಿ ಎಲ್ಲವನ್ನೂ ಬೇರೆಯವರೇ ತೀರ್ಮಾನ ಮಾಡಿದ್ದೆವು, ಇದೊಂದನ್ನಾದರೂ ಅವಳೇ ಮಾಡಲಿ.

"ಅವಳು ಬರ್ದೆ ಇದ್ರೆ ಸತ್ತೋಯ್ತೀನಿ ಅಲ್ವಾ?" ಎಂದಳು ಹೊಂಬಾಳಮ್ಮ.

"ಹೌದು," ಎಂದೆ.

"ಅವಳ್ದೇನೂ ತಪ್ಪಿಲ್ಲ ಬುಡು."

ಮೂರು ಗಂಟೆಯಾಯಿತು. ಮೂರೂವರೆಯಾಯಿತು. ನನ್ನ ಬೆರಳಿನಲ್ಲಿ ನೋವೂ ಇರಲಿಲ್ಲ, ಅದು ಯಾರದೋ ಬೆರಳಿನ ಹಾಗೆ ಬಿಳಿಚಿಕೊಂಡು ಮೌಸಿನ ಮೇಲೆ ಕೂತಿತ್ತು. ಅದನ್ನೇ ನೋಡುತ್ತಿದ್ದೆ, ಜಾರಿದರೆ ಕಣ್ಣಿಗಾದರೂ ಗೊತ್ತಾಗಲಿ ಎಂದು. ನಾಲ್ಕೂಕಾಲಿಗೆ ಸಾಹೇಬರು ಒಂದು ಸಲ ಬಂದು ಬಾಗಿಲಲ್ಲಿ ನಿಂತು, ಗಡಿಯಾರ ನೋಡಿ ಹೋದರು.

ದೇವೀರಮ್ಮ ಬಂದದ್ದು ನಾಲ್ಕು ನಲವತ್ತಕ್ಕೆ. ಓಡಿ ಬಂದಿರಲಿಲ್ಲ. ಮುಖ ತೊಳೆದು ತಲೆ ಬಾಚಿಕೊಂಡಿದ್ದಳು, ತಲೆಗೆ ಎಣ್ಣೆ ಹಚ್ಚಿದ್ದಳು. ಚಪ್ಪಲಿ ಬಾಗಿಲ ಬಳಿ ಬಿಟ್ಟು ಒಳಗೆ ಬಂದು ಸ್ಟೂಲಿನ ಮೇಲೆ ಕೂತಳು. ಸ್ಕ್ರೀನಿನಲ್ಲಿ ಅವಳ ಹೆಸರು ಮತ್ತೆ ನೀಲಿಯಾಯಿತು.

"ಇನ್ನೂ ಇಡ್ಕಂಡೇ ಇದ್ದೀರಾ ಅಕ್ಕ?" ಎಂದಳು. ಅವಳಿಗೆ ನಿಜವಾಗಿ ಆಶ್ಚರ್ಯವಾಗಿತ್ತು. "ನೀವು ಬುಟ್ಬುಟ್ಟಿರ್ತೀರಿ ಅಂದ್ಕಂಡೆ. ನೋಡ್ಕಂಡು ಓಗಣ ಅಂತ ಬಂದೆ."

"ಎಲ್ಲಿಗೆ ಹೋಗಿದ್ದೆ?"

"ಛತ್ರಕ್ಕೆ. ಒಂದು ರೂಮು ತೆಗೆದು ತೋರ್ಸಿದ್ರು. ಕಿಟಕಿ ಐತೆ. ಕಿಟಕಿ ಪಕ್ಕ ಕೂತ್ಕಂಡಿದ್ದೆ. ಯಾರೂ ಕರೀಲಿಲ್ಲ." ಅದನ್ನು ಅವಳು ಇನ್ನೊಂದು ಸಲ ಹೇಳಿದಳು, "ಒಬ್ರೂ ಕರೀಲಿಲ್ಲ ಕಣಕ್ಕ. ಒಳ್ಳೇ ನಿದ್ದೆ ಬಂತು."

ನನಗೆ ತಡೆಯಲಾಗಲಿಲ್ಲ. ಗಡಿಯಾರದಲ್ಲಿ ಹದಿನೈದು ನಿಮಿಷ ಉಳಿದಿತ್ತು, ಆದರೂ ಹೇಳಿದೆ. "ದೇವೀರಮ್ಮ, ನಿನ್ನ ಮದುವೆ ದಿನ ನಿನ್ನನ್ನ ಚೆಲುವಯ್ಯನ ಕೆಳಗೆ ಹಾಕಬೇಕಿತ್ತು. ನಾನು ಬೇಕಂತಲೇ ಅತ್ತೆ ಕೆಳಗೆ ಹಾಕಿದೆ. ತಪ್ಪಾಯಿತು."

"ಗೊತ್ತಿತ್ತು," ಎಂದಳು. "ಅವರು ತೀರೋದ ಮೂರ್ನೇ ದಿನ ಮಿಲ್ಲಿನ ಬೀಗಕ್ಕೆ ಕೈ ಇಟ್ಟು ನೋಡಿದ್ದೆ."

ಅವಳು ನನ್ನ ಉತ್ತರಕ್ಕೆ ಕಾಯಲಿಲ್ಲ. ನನ್ನನ್ನು ದಾಟಿ ಅತ್ತೆಯ ಕಡೆಗೆ ತಿರುಗಿದಳು. ಇಬ್ಬರ ನಡುವೆ ನಾನು ಮೌಸ್ ಹಿಡಿದು ಕೂತಿದ್ದೆ.

"ಕೇಳಿ ಅತ್ತೆಮ್ಮ."

"ಏನ ಕೇಳ್ಲಿ?"

"ನಿಮಗೇ ಗೊತ್ತು."

ಹೊಂಬಾಳಮ್ಮನ ಬಾಯಿಯ ಒಂದು ಕಡೆ ಮಾತ್ರ ಅಲ್ಲಾಡುತ್ತದೆ. ಆ ಒಂದು ಕಡೆ ತೆರೆಯಿತು, ಮುಚ್ಚಿತು. ಊರಿನ ಎಷ್ಟೋ ಜನಕ್ಕೆ ಎದುರು ಹೇಳಿದ ಬಾಯಿ. ಖಲೀಲ್ ಸಾಬರು ಮೆಲ್ಲಗೆ ಹೊರಗೆ ಹೋಗಿ ಬಾಗಿಲಿಗೆ ಬೆನ್ನು ಮಾಡಿ ನಿಂತರು.

"ನಿನ್ನ ಕೆಳಗೆ ನಂಗೆ ಜಾಗ ಕೊಡ್ತೀಯಾ, ದೇವೀರಾ?" ಎಂದಳು ಹೊಂಬಾಳಮ್ಮ. ಕಣ್ಣಿನಲ್ಲಿ ನೀರು ಬಂದಿತ್ತು. ಒಂದು ಕಣ್ಣಿನಲ್ಲಿ ಮಾತ್ರ.

ದೇವೀರಮ್ಮ ಹೂಂ ಎನ್ನಲಿಲ್ಲ. "ಮಿಲ್ಲಿನ ಮುಂದೆ ಡಬ್ಬ ಇಟ್ಟು ಓಗವ್ರೆ, ಹದಿನಾರು ಡಬ್ಬ," ಎಂದಳು. ಆಮೇಲೆ ನನಗೆ ಹೇಳಿದಳು, "ಬುಡಿ ಅಕ್ಕ."

ಬಿಡೋಣವೆಂದರೆ ಬೆರಳು ಏಳಲಿಲ್ಲ. ನಾಲ್ಕೂವರೆ ಗಂಟೆ ಒತ್ತಿ ಒತ್ತಿ ಅದು ಹಾಗೆಯೇ ಸೆಟೆದು ನಿಂತಿತ್ತು. ಎತ್ತು ಎಂದು ನಾನು ಹೇಳುತ್ತಿದ್ದೆ, ಅದಕ್ಕೆ ಕೇಳಿಸುತ್ತಿರಲಿಲ್ಲ. ದೇವೀರಮ್ಮ ಬಗ್ಗಿ ನೋಡಿದಳು. ಮೌಸನ್ನು ಅಲುಗಾಡದಂತೆ ಎಡಗೈಯಲ್ಲಿ ಅದುಮಿ ಹಿಡಿದು, ಹಿಟ್ಟಿನಿಂದ ಒರಟಾದ ತನ್ನ ಎರಡು ಬೆರಳುಗಳಲ್ಲಿ ನನ್ನ ಬೆರಳನ್ನು ಹಿಡಿದು ಎತ್ತಿದಳು. ಜೀವ ಹೋದ ಹಾಗಾಯಿತು, ನಾನು ಅರಚಿಕೊಂಡೆ. ಸ್ಕ್ರೀನಿನ ಮೇಲೆ ಹೊಂಬಾಳಮ್ಮ ಮನೆ, ಮಿಲ್ಲು, ಎಮ್ಮೆಯ ಸಮೇತ ದೇವೀರಮ್ಮನ ಕೆಳಗೆ ಬಂದು ಕೂತಳು.

ಕುರ್ಚಿಯಲ್ಲಿ ಮುದುಕಿಯ ಮೈಗೆ ಒಮ್ಮೆಲೇ ಭಾರ ಬಂತು. ಒಂದು ಕಡೆ ವಾಲಿದಳು. ದೇವೀರಮ್ಮ ಹೋಗಿ ನೆಟ್ಟಗೆ ಕೂರಿಸಿ ಹಿಂದೆ ತನ್ನ ಹೆಗಲ ಟವೆಲು ಒತ್ತಿಟ್ಟಳು. ಅವಳ ಕೈ ಮೊದಲಿನಷ್ಟೇ ಜೋಪಾನವಾಗಿತ್ತು. ಖಲೀಲ್ ಸಾಬರು ಒಳಗೆ ಬಂದು ಮೂಲೆಯ ಮಡಕೆಯಿಂದ ಒಂದು ಲೋಟ ನೀರು ಬಗ್ಗಿಸಿ ಹೊಂಬಾಳಮ್ಮನ ಎಡಗೈಗೆ ಕೊಟ್ಟರು. ಬೆಳಿಗ್ಗೆಯಿಂದ ಅವಳು ಏನೂ ಕುಡಿದಿರಲಿಲ್ಲ, ತುಟಿ ಒಣಗಿ ಬಿರಿದಿತ್ತು. ಲೋಟವನ್ನು ಬಾಯಿಯ ತನಕ ತಂದವಳು ಅಲ್ಲೇ ನಿಲ್ಲಿಸಿದಳು. ಸೊಸೆಯ ಮುಖ ನೋಡಿದಳು.

"ಕುಡೀಲಾ?" ಎಂದು ಕೇಳಿದಳು.

ಅದಕ್ಕೆ ನನ್ನನ್ನೇಕೆ ಕೇಳುತ್ತೀರಿ ಅತ್ತೆಮ್ಮ ಎಂದು ದೇವೀರಮ್ಮ ಹೇಳುತ್ತಾಳೆಂದು ನಾನು ಕಾದೆ. ಖಲೀಲ್ ಸಾಬರೂ ಅದನ್ನೇ ಕಾಯುತ್ತಿದ್ದರು. ದೇವೀರಮ್ಮ ಬಾಗಿಲಿಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡಳು, ಗಡಿಯಾರ ನೋಡಿದಳು. ಮುದುಕಿ ಲೋಟವನ್ನು ತುಟಿಯ ಹತ್ತಿರವೇ ಹಿಡಿದು ಕಾಯುತ್ತಿದ್ದಳು.

"ಬೇಗ," ಎಂದಳು ದೇವೀರಮ್ಮ.

ಹೊಂಬಾಳಮ್ಮ ಬೇಗ ಬೇಗ ಕುಡಿದಳು.